ಸಹಾಯ ಬೇಕು: ಮಾರಿಸ್ ಆಕ್ಸ್‌ಫರ್ಡ್‌ಗೆ ಹಳೇ ಅಂಬಾಸಿಡರ್ ಪಾರ್ಟ್ಸ್

ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಹೋದ ವರ್ಷ 1957ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು ತಗೊಂಡೆ. ನಮ್ಮ ಅಂಬಾಸಿಡರ್ ಹುಟ್ಟಿದ್ದೇ ಇದರಿಂದ. ಎಂಜಿನ್ ಸಾಮಾನಿಗೆ ಇಲ್ಲಿ ಅಷ್ಟು ಕಷ್ಟವಿಲ್ಲ, ಇದೇ 1489 ಸಿಸಿ ಬಿ-ಸೀರೀಸ್ ಎಂಜಿನ್ ಇಲ್ಲಿಯ ಹಳೇ ಎಂಜಿ (MG) ಕಂಪನಿಯ ಕಾರಿನಲ್ಲೂ ಇತ್ತಲ್ವಾ. ತಲೆನೋವು ಬಾಡಿಯದ್ದು. ಎಡಗಡೆ ಹೆಡ್‌ಲೈಟ್ ಕೆಳಗೆ ಬೆರಳು ಒತ್ತಿದರೆ ತಗಡು ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರುತ್ತೇನೆ. ಎಡಗಡೆ ಮುಂದಿನ ಮಡ್‌ಗಾರ್ಡ್ ಮತ್ತು ಬಾಗಿಲ ರಬ್ಬರ್ ಬೇಕು. ಅಂಬಾಸಿಡರ್‌ನ ಮೊದಲ ಮಾಡೆಲ್ ಮಾರ್ಕ್ 1ರದ್ದು ಸಿಕ್ಕರೆ ಪುಣ್ಯ. ಮಾರ್ಕ್ 2ರ ಮಡ್‌ಗಾರ್ಡ್ ಸ್ವಲ್ಪ ಟಿಂಕರಿಂಗ್ ಮಾಡಿಸಿ ಕೂರಿಸಬಹುದಾ? ಯಾರಾದರೂ ಮಾಡಿ ನೋಡಿದ್ದೀರಾ? ಜೆ.ಸಿ. ರೋಡಿನಲ್ಲಿ ಈಗಲೂ ಹಳೇ ಸ್ಟಾಕ್ ಇಟ್ಟವರು ಇದ್ದಾರಾ, ಅಥವಾ ಗುಜರಿಯೇ ಗತಿಯಾ?

ಜಪಾನಿನ ಇಸುಜು ಎಂಜಿನ್ ಬಂದ ಮೇಲಿನ ಅಂಬಾಸಿಡರ್‌ನ ಮಿಲಿಮೀಟರ್ ಅಳತೆಯ ನಟ್ಟು ಬೋಲ್ಟು ಬೇಡ. ನನಗೆ ಇಂಚಿನವೇ ಬೇಕು. ಮೊನ್ನೆ ಅರ್ಧ ಇಂಚಿನ ತಲೆಯ ಬೋಲ್ಟಿಗೆ 13 ಮಿಲಿಮೀಟರ್ ಪಾನಾ ಹಾಕಿ ಮೂಲೆಯೆಲ್ಲ ಸವೆಸಿಬಿಟ್ಟೆ. ವ್ಯತ್ಯಾಸ ಬರೀ 0.3 ಮಿಲಿಮೀಟರ್!

ತುಕ್ಕು ಸ್ವಲ್ಪ ಇದ್ದರೂ ಪರವಾಗಿಲ್ಲ, ಪುಟ್ಟಿ ಮೆತ್ತಿದ್ದು ಮಾತ್ರ ಬೇಡ. ಒಳಗಡೆಯ ಫೋಟೋ, ರೇಟು ಎರಡನ್ನೂ ಹಾಕಿ.