420 ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಏನಿದ್ದರೂ ಕೇಳಿ

ಮೆಟಲರ್ಜಿಸ್ಟ್: ಹೀಟ್ ಟ್ರೀಟ್‌ಮೆಂಟ್ ನನ್ನ ಕೆಲಸ. ಕಾಯಿಸಿ ತಣಿಸಿ ಗಟ್ಟಿ ಮಾಡುವ ಸ್ಟೇನ್‌ಲೆಸ್ ಬಗ್ಗೆ, ಅದರಲ್ಲೂ 420 ಅನ್ನುವ ಗ್ರೇಡ್ ಬಗ್ಗೆ ಕೇಳಿ. ಬಿಡುವಾದಾಗ ಉತ್ತರಿಸುತ್ತೇನೆ.

ಚಾಕು ಹುಚ್ಚ: ನಮಸ್ಕಾರ ಸರ್. ನನ್ನ ಚಾಕುವಿಗೆ ಮ್ಯಾಗ್ನೆಟ್ ಅಂಟುತ್ತದೆ. ಡೂಪ್ಲಿಕೇಟಾ?

ಮೆಟಲರ್ಜಿಸ್ಟ್: ನಮಸ್ಕಾರ. ಅಲ್ಲ. 420ಕ್ಕೆ ಅಂಟಲೇಬೇಕು. ಸಾಮಾನ್ಯವಾಗಿ ಅಂಟದಿರುವುದು 304 ಗ್ರೇಡ್ ಸ್ಟೇನ್‌ಲೆಸ್. ಅದನ್ನು ಎಷ್ಟು ಕಾಯಿಸಿ ತಣಿಸಿದರೂ ಗಟ್ಟಿಯಾಗುವುದಿಲ್ಲ, ಒಳ್ಳೆ ಅಲಗಿಗೆ ಆಗಿಬರುವುದಿಲ್ಲ.

ಗ್ರೈಂಡಿಂಗ್ ಗೆಳೆಯ: 410 ಸ್ಟೇನ್‌ಲೆಸ್‌ಗೆ ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಸೇರಿಸಿ ಗಟ್ಟಿ ಮಾಡುವುದು) ಮಾಡಿದರೆ ತುಕ್ಕು ಜಾಸ್ತಿಯಾಗುತ್ತದಾ ಸರ್?

ಪಂಪ್ ರಿಪೇರಿ: ಸರ್, 420ರ ಪಂಪ್ ಶಾಫ್ಟ್. ಹೊರಗಿನವರ ಹತ್ತಿರ ಹಾರ್ಡ್ನಿಂಗ್ ಮಾಡಿಸಿದ್ದು. ಗಡಸುತನ ರಾಕ್‌ವೆಲ್ ಸಿ 50 ಬಂದಿದೆ ಅಂತ ರಿಪೋರ್ಟ್ ಕೊಟ್ಟರು. ಮೂರೇ ತಿಂಗಳಿಗೆ ಸೀಲ್ ಕೂರುವ ಜಾಗದಲ್ಲಿ ಚುಕ್ಕೆ ಚುಕ್ಕೆ ತುಕ್ಕು. ಆಮೇಲೆ ದಪ್ಪ ಬದಲಾಗುವ ಸ್ಟೆಪ್ ಹತ್ತಿರ ಪಟ್ ಅಂತ ಮುರಿಯಿತು. ಟೆಂಪರಿಂಗ್ (ಗಟ್ಟಿ ಮಾಡಿದ ಮೇಲೆ ಹದಕ್ಕೆ ಮತ್ತೆ ಕಾಯಿಸುವುದು) 480 ಡಿಗ್ರಿ ಅಂತ ಬರೆದಿದ್ದಾರೆ.

ಮೆಟಲರ್ಜಿಸ್ಟ್: ಆ 480 ನೋಡಿ ನನಗೆ ಗಾಬರಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

420ರಲ್ಲಿ ಕ್ರೋಮಿಯಂ 12ರಿಂದ 14 ಶೇಕಡಾ. ತುಕ್ಕು ತಡೆಯಲು ಬೇಕಾದಷ್ಟೇ, ಕೈತುಂಬ ಏನೂ ಇಲ್ಲ. ಮೆತ್ತಗಿನ ಸ್ಥಿತಿಯಲ್ಲಿ ಅದರಲ್ಲೂ ಒಂದಷ್ಟು ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಆಗಿ ಕೂತಿರುತ್ತದೆ. ಸುಮಾರು 1000 ಡಿಗ್ರಿಗೆ ಕಾಯಿಸಿದಾಗ ಕರಗಿ ಲೋಹದಲ್ಲಿ ಬೆರೆಯುತ್ತದೆ. ಎಣ್ಣೆಯಲ್ಲೋ ಗಾಳಿಯಲ್ಲೋ ತಣಿಸಿದರೆ ಹಾಗೇ ಉಳಿಯುತ್ತದೆ. ಗಟ್ಟಿತನವೂ ತುಕ್ಕು ತಡೆಯುವ ಶಕ್ತಿಯೂ ಒಂದೇ ಕುಲುಮೆಯಲ್ಲಿ ಹುಟ್ಟುವುದು ಅಂದರೆ ಇದೇ.

ಆಮೇಲೆ 150ರಿಂದ 370 ಡಿಗ್ರಿಯೊಳಗೆ ಟೆಂಪರ್ ಮಾಡಬೇಕು. 425ರಿಂದ 565ರ ನಡುವೆ ಕಾಲಿಡಬಾರದು. ಅಲ್ಲಿ ಸಣ್ಣ ಸಣ್ಣ ಕಾರ್ಬೈಡ್ ಮತ್ತೆ ಹುಟ್ಟಿ ಅಕ್ಕಪಕ್ಕದ ಕ್ರೋಮಿಯಂ ನುಂಗುತ್ತವೆ. ತುಕ್ಕಿಗೆ ದಾರಿಯಾಯಿತು. ಪೆಟ್ಟು ತಾಳುವ ಗುಣವೂ ಹೋಯಿತು. ಮೋಸ ಏನು ಗೊತ್ತಾ? ಗಡಸುತನ ಮಾತ್ರ ಬೀಳುವುದಿಲ್ಲ. 200 ಡಿಗ್ರಿಯ ಶಾಫ್ಟೂ 480ರ ಶಾಫ್ಟೂ ರಾಕ್‌ವೆಲ್ ಮೆಷಿನ್ನಿಗೆ ಹೆಚ್ಚುಕಮ್ಮಿ ಒಂದೇ.

ನನ್ನ ಪ್ರಶ್ನೆ ಎರಡು. ಸ್ಟೆಪ್ ಮೂಲೆಗೆ ರೇಡಿಯಸ್ ಕೊಟ್ಟಿದ್ದಾರಾ? ನೀರಲ್ಲಿ ಉಪ್ಪಿದೆಯಾ?

ಎಲ್ಲಾ ಬಲ್ಲವ: ಫಾರ್ವರ್ಡ್ ಬಂದದ್ದು: ಸ್ಟೀಲನ್ನು ಕೆಂಪಗೆ ಕಾಯಿಸಿ ಉಪ್ಪುನೀರಿಗೆ ಅದ್ದಿ, ಡಬಲ್ ಗಟ್ಟಿ! ತುಕ್ಕಿದ್ದರೆ ಟಾಯ್ಲೆಟ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ 🙏

ಮೆಟಲರ್ಜಿಸ್ಟ್: ದಯವಿಟ್ಟು ಯಾರೂ ಮಾಡಬೇಡಿ. ಬರೀ ಕೆಂಪಗಾದರೆ ಕಾರ್ಬೈಡ್ ಕರಗಲ್ಲ. ಸರಿಯಾಗಿ ಕಾಯಿಸಿ ಉಪ್ಪುನೀರಿಗೆ ಹಾಕಿದಿರೋ, ಬಿರುಕು. ಅಂಥ ಕ್ಲೀನರ್‌ಗಳಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಸ್ಟೇನ್‌ಲೆಸ್‌ನಲ್ಲಿ ಗುಂಡಿ ಕೊರೆಯುತ್ತದೆ. ಗಟ್ಟಿ ಸ್ಟೀಲಿನ ಒಳಗೆ ಹೈಡ್ರೋಜನ್ ಸೇರಿ, ಮುಟ್ಟದಿದ್ದರೂ ಒಂದು ದಿನ ಸೀಳಬಹುದು. ಅದನ್ನು ಬ್ಲೀಚ್ ಜೊತೆ ಬೆರೆಸಿದರೆ ಕ್ಲೋರಿನ್ ಗ್ಯಾಸ್. ಉಸಿರಿಗೇ ಕುತ್ತು.

ಎಲ್ಲಾ ಬಲ್ಲವ: ಸುಮ್ನೆ ಹಂಚಿಕೊಂಡೆ ಅಷ್ಟೇ.

ಲೇತ್ ಅಣ್ಣ: 420 ಎಲ್ಲ ಬೇಡ. 440ಸಿ ತಗೊಳ್ಳಿ. ಕಾರ್ಬನ್ ಹತ್ತಿರ ಹತ್ತಿರ 1 ಶೇಕಡಾ, ರಾಕ್‌ವೆಲ್ 58 ದಾಟುತ್ತದೆ.

ಚಾಕು ಹುಚ್ಚ: ಅಣ್ಣಾ, ಎಲ್ಲಕ್ಕೂ 58 ಯಾಕೆ? ಆಪರೇಷನ್ ಕತ್ತರಿ, ಚಿಮುಟ ಎಲ್ಲ 420ರಲ್ಲೇ ಬರುತ್ತವೆ.

ಲೇತ್ ಅಣ್ಣ: ನಾನು ಬೇರಿಂಗ್ ಬಗ್ಗೆ ಹೇಳಿದ್ದು.

ಚಾಕು ಹುಚ್ಚ: ಬೇರಿಂಗ್ ಅನ್ನೋ ಪದ ಎಲ್ಲಿದೆ ನಿಮ್ಮ ಮೆಸೇಜಿನಲ್ಲಿ?

ಲೇತ್ ಅಣ್ಣ: ನಾನು ಲೇತ್ ಹಿಡಿದಾಗ ನೀನು ಚಡ್ಡಿ ಹಾಕ್ತಿದ್ದೆ.

ಹೊಸ ಸದಸ್ಯ: ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್ ಅಲ್ವಾ?

ಮೆಟಲರ್ಜಿಸ್ಟ್: ಮೇಲೆ ನೋಡಿ.

ವೆಲ್ಡರ್: 420ನ್ನು ವೆಲ್ಡ್ ಮಾಡಬಹುದಾ ಸರ್?

ಮೆಟಲರ್ಜಿಸ್ಟ್: ಆದಷ್ಟು ಬೇಡ. ಮಾಡಲೇಬೇಕಾದರೆ 200 ಡಿಗ್ರಿ ದಾಟಿಸಿ ಕಾಯಿಸಿಕೊಂಡು ಮಾಡಿ, ನಿಧಾನಕ್ಕೆ ತಣಿಸಿ, ಆಮೇಲೆ ಟೆಂಪರ್.

ಪಂಪ್ ರಿಪೇರಿ: ಮೂಲೆಗೆ ರೇಡಿಯಸ್ ಇಲ್ಲ ಸರ್, ಚೂಪಾಗಿದೆ. ನೀರು ಉಪ್ಪು.

ಮೆಟಲರ್ಜಿಸ್ಟ್: ಹಾಗಾದರೆ ತಪ್ಪು ಮೂರು. ಉಪ್ಪುನೀರಿಗೆ 420, ಚೂಪು ಮೂಲೆ, 480 ಡಿಗ್ರಿ. ಅದೇ ಶಾಫ್ಟ್ ಮತ್ತೆ ಮಾಡಿಸಬೇಡಿ. 17-4 ಪಿಎಚ್ ಅನ್ನುವ ಸ್ಟೇನ್‌ಲೆಸ್ ವಿಚಾರಿಸಿ. ಅದು ತಾಮ್ರದಿಂದ ಗಟ್ಟಿಯಾಗುವ ಜಾತಿ. ಅದಕ್ಕೆ 480 ಡಿಗ್ರಿಯೇ ಹೆಚ್ಚು ಬಲ ಕೊಡುವ ಹದ. ಆದರೆ ನಿಮಗೆ ಆ 480 ಬೇಡ, ಉಪ್ಪಿನಲ್ಲಿ ಬಿರುಕು ಬಿಡುವ ಭಯ. 550ರ ಮೇಲೆ ಹದ ಮಾಡಿಸಿ. ನೀರು ನಿಂತಿರುವ ಸಂದುಗಳಲ್ಲಿ ಅದಕ್ಕೂ ಗುಂಡಿ ಬೀಳಬಹುದು, ಗಮನವಿರಲಿ.

ಪಂಪ್ ರಿಪೇರಿ: ಹಾರ್ಡ್ನಿಂಗ್ ಮಾಡಿದವರು 'ರಿಪೋರ್ಟಿನಲ್ಲಿ 50 ಇದೆ, ತಪ್ಪು ನಮ್ಮದಲ್ಲ' ಅಂತಾರೆ.

ಮೆಟಲರ್ಜಿಸ್ಟ್: ಸರಿ. ಆ ರಿಪೋರ್ಟನ್ನೇ ಸುತ್ತಿ ಪಂಪಿಗೆ ಹಾಕಲಿ.

ಗ್ರೈಂಡಿಂಗ್ ಗೆಳೆಯ: ಸರ್, ನನ್ನ ನೈಟ್ರೈಡಿಂಗ್?