ಕೋಲ್‌ಬರ್ಗ್ ಪ್ರಕಾರ ಹೆಂಗಸರು ಮೂರನೇ ಹಂತದಲ್ಲೇ ನಿಂತುಬಿಡ್ತಾರಾ?

ಚಾಕ್‌ಪೀಸ್_ಪುಡಿ:

ಎಲ್ರಿಗೂ ನಮಸ್ಕಾರ, ಬಿ.ಎಡ್ ಓದ್ತಾ ಟಿಇಟಿಗೂ ತಯಾರಿ ಮಾಡ್ಕೊತಿದೀನಿ. ಅಮೆರಿಕದ ಮನೋವಿಜ್ಞಾನಿ ಕೋಲ್‌ಬರ್ಗ್ ಅವರ ನೈತಿಕ ವಿಕಾಸದ, ಅಂದ್ರೆ ಸರಿ ತಪ್ಪು ಯೋಚಿಸೋದು ಹೇಗೆ ಬೆಳೆಯುತ್ತೆ ಅನ್ನೋದ್ರ, ಮೂರು ಮಟ್ಟ ಆರು ಹಂತ ಇದೆಯಲ್ಲ, ಅದು ಬಾಯಿಪಾಠ ಆಗೋಗಿದೆ. ಪೆಟ್ಟು ಬೀಳುತ್ತೆ ಅಂತ ತಪ್ಪು ಮಾಡದೇ ಇರೋದು ಒಂದನೇದು, ನಂಗೇನು ಸಿಗುತ್ತೆ ಅನ್ನೋದು ಎರಡು, ಮೂರನೇದು 'ಒಳ್ಳೆ ಹುಡುಗ-ಒಳ್ಳೆ ಹುಡುಗಿ', ಅಂದ್ರೆ ಸುತ್ತಲಿನವರು ಒಳ್ಳೆಯವರು ಅನ್ನಬೇಕು ಅನ್ನೋದು, ನಾಲ್ಕು ಕಾನೂನು ಕಟ್ಟಳೆ, ಆಮೇಲೆ ಸಾಮಾಜಿಕ ಒಪ್ಪಂದ, ಕೊನೇದು ಎಲ್ರಿಗೂ ಒಂದೇ ಥರ ಅನ್ವಯಿಸೋ ತತ್ವ. ಮೊನ್ನೆ ಕ್ಲಾಸಲ್ಲಿ ಸರ್ ಹೇಳಿದ್ರು, ಹೆಂಗಸರು ಹೆಚ್ಚಾಗಿ ಮೂರರಲ್ಲೇ ನಿಲ್ತಾರೆ, ಗಂಡಸರು ನಾಲ್ಕಕ್ಕೆ ಹೋಗ್ತಾರೆ ಅಂತ. ನಮ್ಮ ಕ್ಲಾಸಲ್ಲಿ ಮುಕ್ಕಾಲು ಭಾಗ ಹುಡುಗೀರೇ, ಆದ್ರೂ ಯಾರೂ ಏನೂ ಕೇಳದೆ ಹಾಗೇ ನೋಟ್ಸ್ ಬರ್ಕೊಂಡ್ವಿ.

ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗ್ತಾ ಇಲ್ಲ. ನಮ್ಮಮ್ಮ ಏಳನೇ ಕ್ಲಾಸ್ ಓದಿರೋದು, ಅಪ್ಪ ತೀರ್ಕೊಂಡ ಮೇಲೆ ಸಾಲ ತೀರಿಸಿ, ಅಜ್ಜೀನ ಕೊನೇವರೆಗೂ ನೋಡ್ಕೊಂಡು, ನಮ್ಮಿಬ್ಬರನ್ನೂ ಓದಿಸಿದೋಳು, ಅವಳ ಒಂದೊಂದು ತೀರ್ಮಾನಾನೂ 'ನಾಲ್ಕು ಜನ ಏನಂತಾರೋ' ಅನ್ನೋದ್ರಿಂದ ಬಂದಿದ್ದಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ಇದು ನಿಜವಾಗ್ಲೂ ಸಂಶೋಧನೇಲಿ ಸಾಬೀತಾಗಿದೆಯಾ? ಪರೀಕ್ಷೇಲಿ ಏನು ಬರೀಬೇಕು ಅಂತ ಕೇಳ್ತಿಲ್ಲ, ನಿಜ ಏನು ಅಂತ ಬೇಕು.

ಪಿಯು_ಸೈಕಾಲಜಿ_ಮೇಷ್ಟ್ರು:

ನೀವು ಇದನ್ನ ಕೇಳಿದ್ದು ನಂಗೆ ತುಂಬಾ ಖುಷಿ ಆಯ್ತಮ್ಮ. ಮೊದಲು ಒಂದು ವಿಷಯ, ಕೋಲ್‌ಬರ್ಗ್ 1958ರಲ್ಲಿ ಚಿಕಾಗೋದಲ್ಲಿ ಪಿಎಚ್‌ಡಿ ಮಾಡಿದಾಗ ಮಾತಾಡಿಸಿದ್ದು 72 ಹುಡುಗರನ್ನ, 10, 13, 16 ವರ್ಷದವರು, ಅದರಲ್ಲಿ ಒಬ್ಬ ಹುಡುಗೀನೂ ಇಲ್ಲ. ಆ ಹುಡುಗರ ಉತ್ತರದಿಂದಲೇ ಏಣಿ ಕಟ್ಟಿದ್ದು, ಆಮೇಲೆ ಅದೇ ಏಣಿ ಹೆಂಗಸರ ಮುಂದೆ ಇಟ್ರು. 1969ರಲ್ಲಿ ಕ್ರೇಮರ್ ಜೊತೆ ಬರೆದ ಲೇಖನದಲ್ಲಿ, ಮನೆ ಮಕ್ಕಳು ನೋಡ್ಕೊಂಡಿರೋ ಹೆಂಗಸರ ಬದುಕಿಗೆ ಮೂರನೇ ಹಂತವೇ ಸಾಕಾಗುತ್ತೆ ಅನ್ನೋ ಅರ್ಥದ ಮಾತು ಬಂತು, ನಿಮ್ಮ ಸರ್ ಹೇಳಿದ್ದರ ಬೇರು ಅಲ್ಲಿದೆ.

ಇದನ್ನ ಗಟ್ಟಿಯಾಗಿ ಪ್ರಶ್ನೆ ಮಾಡಿದ್ದು ಹಾರ್ವರ್ಡ್‌ನಲ್ಲಿ ಅವರ ಜೊತೆಗೇ ಕೆಲಸ ಮಾಡಿದ್ದ ಕ್ಯಾರೊಲ್ ಗಿಲಿಗನ್, 1982ರ ಅವರ ಪುಸ್ತಕದಲ್ಲಿ. ಕೋಲ್‌ಬರ್ಗ್ ಸಂದರ್ಶನದಲ್ಲಿ ಕೇಳ್ತಿದ್ದ ಹೈಂಜ್ ಕಥೆ ಗೊತ್ತಲ್ಲ, ಹೆಂಡ್ತಿ ಸಾಯ್ತಿದಾಳೆ, ಅಂಗಡಿಯವನು 200 ಡಾಲರಿನ ಔಷಧಿಗೆ 2000 ಕೇಳ್ತಾನೆ, ಗಂಡನ ಹತ್ರ 1000 ಅಷ್ಟೇ ಇದೆ, ಕದೀಬಹುದಾ? 11 ವರ್ಷದ ಜೇಕ್ ಅನ್ನೋ ಹುಡುಗ 'ಕದೀಬೇಕು, ಜೀವ ದುಡ್ಡಿಗಿಂತ ದೊಡ್ಡದು' ಅಂದ, ಅವನಿಗೆ ಅದೊಂದು ಲೆಕ್ಕ ಬಿಡಿಸಿದ ಹಾಗೆ. ಅದೇ ವಯಸ್ಸಿನ ಏಮಿ ಅನ್ನೋ ಹುಡುಗಿ ಮಾತ್ರ, ಕದ್ದು ಅವನು ಜೈಲಿಗೆ ಹೋದ್ರೆ ಹೆಂಡ್ತಿಗೆ ಮತ್ತೆ ಕಾಯಿಲೆ ಜಾಸ್ತಿ ಆದಾಗ ಏನು ಗತಿ, ಸಾಲ ಕೇಳಬಹುದು, ಕೂತು ಮಾತಾಡಿ ಬೇರೆ ದಾರಿ ನೋಡಬೇಕು ಅಂತಾಳೆ. ಕೋಲ್‌ಬರ್ಗ್ ಅಳತೇಲಿ ಏಮಿಗೆ ಪೂರ್ತಿ ಒಂದು ಹಂತ ಕಮ್ಮಿ ಬೀಳುತ್ತೆ. ಗಿಲಿಗನ್ ಹೇಳೋದು, ಏಮಿ ಹಿಂದೆ ಬಿದ್ದಿಲ್ಲ, ಅವಳಿಗೆ ಕಾಣ್ತಿರೋ ಸಮಸ್ಯೆಯೇ ಬೇರೆ, ಯಾರ ಹಕ್ಕು ದೊಡ್ಡದು ಅಂತ ಅವಳು ನೋಡ್ತಿಲ್ಲ, ಈ ಸಂಬಂಧ ಹೇಗೆ ಉಳೀಬೇಕು ಅಂತ ನೋಡ್ತಿದಾಳೆ. ಹಕ್ಕು ನೋಡೋದು ನ್ಯಾಯದ ದನಿ, ಸಂಬಂಧ ನೋಡೋದು ಕಾಳಜಿಯ ದನಿ ಅಂತ ಇಟ್ಕೊಳ್ಳಿ.

ಆದ್ರೆ ಇಲ್ಲಿಗೇ ನಿಲ್ಲಿಸಬೇಡಿ. 1984ರಲ್ಲಿ ಲಾರೆನ್ಸ್ ವಾಕರ್ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಕೋಲ್‌ಬರ್ಗ್ ಏಣೀಲೂ ಗಂಡು ಹೆಣ್ಣಿನ ವ್ಯತ್ಯಾಸ ಬಹಳ ಕಮ್ಮಿ ಸಿಕ್ತು, ಸಿಕ್ಕ ಕಡೆ ಹೆಚ್ಚಾಗಿ ಗಂಡಸರಿಗೆ ಓದು ಉದ್ಯೋಗ ಜಾಸ್ತಿ ಇತ್ತು. 2000ದಲ್ಲಿ ಜಾಫಿ ಮತ್ತು ಹೈಡ್ 113 ಅಧ್ಯಯನ ಸೇರಿಸಿ ನೋಡಿದ್ರು, ಎರಡು ಗುಂಪಿನ ಸರಾಸರಿ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳೋ ಅಳತೇಲಿ (ಎಫೆಕ್ಟ್ ಸೈಜ್) ಕಾಳಜಿ ಕಡೆ ಹೆಂಗಸರು 0.28, ನ್ಯಾಯದ ಕಡೆ ಗಂಡಸರು 0.19 ಅಷ್ಟು ಮುಂದೆ. ಇವೆರಡೂ ಸಣ್ಣ ವ್ಯತ್ಯಾಸಗಳು, ಉತ್ತರಪತ್ರಿಕೆಗಳನ್ನ ಹೆಸರಿಲ್ಲದೆ ಕೊಟ್ರೆ ಯಾವುದು ಯಾರದು ಅಂತ ಹೇಳಕ್ಕಾಗಲ್ಲ. ಹಾಗಾಗಿ 'ಮೂರರಲ್ಲೇ ನಿಲ್ತಾರೆ' ಅನ್ನೋದನ್ನ ತರಗತೀಲಿ ಸತ್ಯ ಅಂತ ಹೇಳಬಾರದು ಅಂತ ನನ್ನ ಖಚಿತ ಅಭಿಪ್ರಾಯ.

ತವರಿನ_ತೆಂಗು:

ಮೇಷ್ಟ್ರು ಹೇಳಿದ್ದು ಓದ್ತಾ ನನ್ನದೇ ಒಂದು ವಿಷಯ ನೆನಪಾಯ್ತು, ಸ್ವಲ್ಪ ಉದ್ದ ಆಗುತ್ತೆ. ಗಿಲಿಗನ್ ಅವರೂ ಮೂರು ಹಂತ ಹೇಳಿದಾರೆ, ಗರ್ಭಪಾತದ ತೀರ್ಮಾನ ತಗೋತಿದ್ದ 29 ಜನ ಹೆಂಗಸರನ್ನ ಮಾತಾಡಿಸಿ ಕಂಡುಕೊಂಡಿದ್ದು. ಮೊದಲು ನಾನು ಬದುಕಿದ್ರೆ ಸಾಕು ಅನ್ನೋದು, ಆಮೇಲೆ ನನ್ನ ಬಿಟ್ಟು ಬೇರೆಯವರಿಗಾಗಿ ಎಲ್ಲ ತ್ಯಾಗ ಮಾಡೋದೇ ಒಳ್ಳೇತನ ಅನ್ನೋದು, ಮೂರನೇದ್ರಲ್ಲಿ ಕಾಳಜಿ ಮಾಡಬೇಕಾದವರ ಪಟ್ಟೀಲಿ ನಾನೂ ಇದೀನಿ ಅಂತ ಗೊತ್ತಾಗೋದು. ನಾನು ಎರಡನೇದ್ರಲ್ಲಿ ಹದಿನೈದು ವರ್ಷ ಇದ್ದೆ.

ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಜಾರಿಗೆ ಬಂತು, ಆದ್ರೆ ಅಷ್ಟರೊಳಗೆ ಮದುವೆ ಆಗಿದ್ದೋರಿಗೆ ಇರ್ಲಿಲ್ಲ, 2005ರಲ್ಲಿ ಇಡೀ ದೇಶಕ್ಕೆ ಬಂದಾಗ ನಮಗೂ ಸಿಕ್ತು. ಕಾನೂನು ಬಂತು ಸರಿ, ನನ್ನ ತಮ್ಮ, ಪಾಲು ಬೇಡ ಅಂತ ಬರ್ಕೊಡೋ ಹಕ್ಕು ಬಿಡುಗಡೆ ಪತ್ರ ತಂದು ಮುಂದಿಟ್ಟಾಗ ನಾನು ಓದ್ಲೂ ಇಲ್ಲ, ಸೈನ್ ಹಾಕಿ ಕೊಟ್ಟೆ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಸ್ವಲ್ಪ ದುಡ್ಡು ಕೊಟ್ಟ. ತವರಿನ ಬಾಗಿಲು ಮುಚ್ಚಬಾರದು ಅನ್ನೋದೊಂದೇ ನನ್ನ ತಲೇಲಿ ಇದ್ದಿದ್ದು. ನನ್ನ ಗಂಡ 'ಕಾನೂನು ಪ್ರಕಾರ ನಿಂದು, ಯಾಕೆ ಬಿಟ್ಟೆ' ಅಂತ ಬೈದ್ರು. ಕೋಲ್‌ಬರ್ಗ್ ಲೆಕ್ಕದಲ್ಲಿ ಅವರು ನಾಲ್ಕು ನಾನು ಮೂರು. ಆದ್ರೆ ಅವರ ತಂಗಿ ಪಾಲು ಕೇಳಿದಾಗ ಅದೇ ಕಾನೂನು ಅವರಿಗೆ ನೆನಪಾಗ್ಲಿಲ್ಲ. ಹಂತ ಅನ್ನೋದು ಎಲ್ಲಾ ಕಡೆ ಒಂದೇ ಥರ ಇರಲ್ಲ, ಯಾರ ಪಾಲು ಅನ್ನೋದ್ರ ಮೇಲೆ ಹೋಗುತ್ತೆ.

ಈಗ ನನ್ನ ಮಗಳಿಗೆ ಹೇಳಿದೀನಿ, ನಿನ್ನಣ್ಣನ ಮೇಲೆ ಪ್ರೀತಿ ಇರ್ಲಿ, ಸೈನ್ ಮಾತ್ರ ಓದಿ ಹಾಕು ಅಂತ. ಮಗನಿಗೂ ಅವಳ ಎದುರಿಗೇ ಹೇಳಿದೀನಿ.

ಧಾರವಾಡದಾಂವ:

ಅಕ್ಕಾರ, ನಿಮ್ಮ ಮಾತು ಓದಿ ಮನಸ್ಸಿಗೆ ಭಾಳ ತಟ್ತು. ಗಂಡಸರ ಕಡಿಂದ ಒಂದ್ ಮಾತ್ ಹೇಳ್ತೀನಿ. ನಾ ಬ್ಯಾಂಕಿನ್ಯಾಗ ಕೆಲಸ ಮಾಡಾಂವ, ರೂಲ್ ಅಂದ್ರ ರೂಲ್. ಅಪ್ಪಗ ಪಾರ್ಶ್ವವಾಯು ಆಗಿ ಮೂರು ವರ್ಷ ಹಾಸಿಗಿ ಹಿಡದ್ರು, ಹೆಂಡ್ತಿ ಬ್ಯಾರೆ ಊರಾಗ ನೌಕ್ರಿ, ಸ್ನಾನ ಮಾಡಸೂದು ಬಟ್ಟಿ ಬದಲ್ಸೂದು ಎಲ್ಲಾ ನಾನ ಮಾಡ್ದೆ. ಮದ್ಲ ಕೌಂಟರ್‌ಗೆ ಯಾರರ ವಯಸ್ಸಾದವರು ಪಿಂಚಣಿಗಂತ ಬಂದು ಸಹಿ ಹೊಂದಲಿಲ್ಲಂದ್ರ ವಾಪಸ್ ಕಳಸ್ತಿದ್ದೆ. ಈಗ ಅವ್ರ ಕೈ ನಡಗೂದು ಕಾಣಸ್ತೈತಿ, ಕುರ್ಚಿ ಹಾಕಿ ಕುಂದರ್ಸಿ, ಹೆಬ್ಬಟ್ಟಿಗೆ ಏನ್ ಮಾಡ್ಬೇಕು ಎಲ್ಲಾ ನಾನ ಮಾಡಸ್ತೀನಿ. ರೂಲ್ ಮುರಿದಿಲ್ಲ, ಆದ್ರ ಅದರೊಳಗ ದಾರಿ ಹುಡಕೂದು ಕಲ್ತೆ. ನನ್ನ ಲಿಂಗ ಏನೂ ಬದಲಾಗಿಲ್ಲಲ್ರೀ, ಕೈಗೆ ಬಂದ ಕೆಲಸ ಬದಲಾತು ಅಷ್ಟ.

ಸರಸ್ವತಿಪುರಂ_ಸಂಜೆ:

ಇದರಲ್ಲಿ ನಮ್ಮ ಮೈಸೂರೂ ಇದೆ, ಯಾರಿಗೂ ಗೊತ್ತಿರಲ್ಲ ಅನ್ಸುತ್ತೆ. ಜೋನ್ ಮಿಲ್ಲರ್ ಅನ್ನೋ ಅಮೆರಿಕದ ಸಂಶೋಧಕಿ 1990ರ ಸುಮಾರಿಗೆ ತಮ್ಮ ಜೊತೆಗಾರರ ಜೊತೆ ಮೈಸೂರಿನ ಜನರನ್ನೂ ಅಮೆರಿಕದ ನ್ಯೂ ಹೇವನ್ ಊರಿನ ಜನರನ್ನೂ ಹೋಲಿಸಿದ್ರು. ಅದರಲ್ಲಿ ಒಂದು ಪ್ರಸಂಗ, ಆಪ್ತ ಸ್ನೇಹಿತನ ಮದುವೆಗೆ ಉಂಗುರ ತಲುಪಿಸಬೇಕು, ಅದಕ್ಕೆ ಇನ್ನೊಬ್ಬರ ರೈಲು ಟಿಕೆಟ್ ಕದಿಯೋದು ಬಿಟ್ರೆ ದಾರಿ ಇಲ್ಲ, ಏನು ಮಾಡಬೇಕು? ಮೈಸೂರಿನವರಲ್ಲಿ ಹೆಚ್ಚಿನವರು ಸ್ನೇಹಿತನಿಗೆ ಕೊಟ್ಟ ಮಾತೇ ದೊಡ್ಡದು ಅಂದ್ರು, ಅಮೆರಿಕದವರಲ್ಲಿ ಹೆಚ್ಚಿನವರು ಕದಿಯೋದು ತಪ್ಪು ಅಂದ್ರು. ನಮ್ಮವರಿಗೆ ಸಂಬಂಧ ಉಳಿಸೋದೇ ಧರ್ಮ, ಅಲ್ಲಿನವರಿಗೆ ಅದು ಅವರವರ ಇಷ್ಟ. ಕಾಳಜಿಯ ದನಿ ಹೆಂಗಸರದ್ದೇ ಆಗಿದ್ರೆ ಮೈಸೂರಿನ ಗಂಡಸರು ಹೀಗ್ಯಾಕೆ ಉತ್ತರ ಕೊಡ್ತಿದ್ರು ಹೇಳಿ.

ಇನ್ನೊಂದು, ಶ್ವಾರ್ಟ್ಸ್ ಮತ್ತು ರುಬೆಲ್ 2005ರಲ್ಲಿ 70 ದೇಶಗಳ ಮಾಹಿತಿ ನೋಡಿದಾಗ ಗಂಡಸರು ಅಧಿಕಾರ, ಸಾಧನೆಗೆ ಸ್ವಲ್ಪ ಜಾಸ್ತಿ ಬೆಲೆ ಕೊಟ್ರು, ಹೆಂಗಸರು ಹತ್ತಿರದವರ ಹಿತಕ್ಕೆ ಸ್ವಲ್ಪ ಜಾಸ್ತಿ, ಆದ್ರೆ ವಯಸ್ಸಿಂದ, ಸಂಸ್ಕೃತಿಯಿಂದ ಬರೋ ವ್ಯತ್ಯಾಸ ಇದಕ್ಕಿಂತ ದೊಡ್ಡದು. ವ್ಯತ್ಯಾಸ ಇಲ್ಲವೇ ಇಲ್ಲ ಅಂತ ನಾನೂ ಹೇಳಲ್ಲ, ಆದ್ರೆ ಅದನ್ನ ಮೇಲೆ ಕೆಳಗೆ ಅಂತ ಜೋಡಿಸೋದು ಒಪ್ಪಕ್ಕಾಗಲ್ಲ.

ಚಾಕ್‌ಪೀಸ್_ಪುಡಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ತೆಂಗು ಅಕ್ಕ ನಿಮ್ದು ಎರಡು ಸಲ ಓದಿದೆ. ನಿನ್ನೆ ರಾತ್ರಿ ಅಮ್ಮ ಅವರೆಕಾಳು ಸುಲೀತಾ ಕೂತಿದ್ದಾಗ ಹೈಂಜ್ ಕಥೆ ಹೇಳಿ ಕೇಳಿದೆ, ಅವನು ಕದೀಬೇಕಾ ಬೇಡ್ವಾ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ, 'ಅವನು ಒಳಗೆ ಹೋದ್ರೆ ಅವಳಿಗೆ ಗಂಜಿ ಕೊಡೋರು ಯಾರು, ಅದನ್ನ ಮೊದ್ಲು ಗೊತ್ತು ಮಾಡ್ಕೊಂಡು ಕದೀಲಿ' ಅಂದ್ಲು. ಇನ್ನೊಂದು ಹಿಡಿ ಕಾಯಿ ತಗೊಂಡು, 'ಇನ್ನೂರು ರೂಪಾಯಿ ಔಷಧಿಗೆ ಎರಡು ಸಾವಿರ ಹೇಳೋಕೆ ಅವನಿಗೆ ಬಿಟ್ಟೋರು ಯಾರು, ಅವರನ್ನೂ ಕೇಳಬೇಕಲ್ವಾ' ಅಂದ್ಲು. ಮೇಷ್ಟ್ರೇ, ಇದಕ್ಕೆ ನೀವು ಎಷ್ಟನೇ ಹಂತ ಹಾಕ್ತೀರಾ? ನಾಳೆ ಕ್ಲಾಸಲ್ಲಿ ಸರ್ ಹತ್ರಾನೂ ಇದನ್ನೇ ಕೇಳ್ತೀನಿ.