ಕೊರವ ಮೀನಿಗೆ ಬೇಟ್‌ಕಾಸ್ಟಿಂಗ್ ರೀಲ್: ಬಾಸ್ ಹಿಡಿಯುವವರ ಲೆಕ್ಕ ನಮ್ಮ ಕೆರೆಗೆ ಹೊಂದುತ್ತದೆಯೇ?

ಹುಬ್ಬಳ್ಳಿ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷಗಳಿಂದ ರವಿವಾರಗಳಂದು ಕಲಘಟಗಿ ಕಡೆಯ ಕೆರೆಗಳಲ್ಲಿ, ಬೇಸಿಗೆಯಲ್ಲಿ ಒಮ್ಮೊಮ್ಮೆ ವರದಾ ನದಿಯ ಮಡುಗಳಲ್ಲಿ ಕೊರವ ಮೀನಿಗೆ ಗಾಳ ಹಾಕುತ್ತ ಬಂದಿದ್ದೇನೆ. ನನ್ನಲ್ಲಿರುವುದು ಒಂದೇ ಒಂದು ಸ್ಪಿನ್ನಿಂಗ್ ರೀಲ್. ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿಗೆ ಊರಿಗೆ ಬರುವವನಿದ್ದಾನೆ. ಅಲ್ಲಿನ ಲೇಕ್ ಫೋರ್ಕ್ ಜಲಾಶಯದಲ್ಲಿ ಬಾಸ್ ಮೀನು ಹಿಡಿಯಲು ತಾನು ಬಳಸುವಂಥದ್ದೇ ಬೇಟ್‌ಕಾಸ್ಟಿಂಗ್ ರೀಲನ್ನೂ (ಎಸೆಯುವಾಗ ದಾರದ ಉರುಳೆಯೇ ತಿರುಗುವ ಬಗೆಯದು) ಅದಕ್ಕೊಪ್ಪುವ ರಾಡನ್ನೂ ತಂದುಕೊಡುತ್ತೇನೆ, ಯಾವುದು ಬೇಕೆಂದು ಹೇಳಿ ಮಾಮಾ ಎಂದು ಕೇಳಿದ್ದಾನೆ.

ಅವನು ಕಳಿಸಿದ ಪಟ್ಟಿಯನ್ನು ನೋಡಿದ ಮೇಲೆ ಇದ್ದ ತಿಳಿವಳಿಕೆಯೂ ಹೋಯಿತು. ಡೈವಾ ಟಾಟುಲಾ ಎಂಬ ಒಂದೇ ಹೆಸರಿನ ರೀಲು 6.3:1, 7.1:1, 8.1:1 ಎಂಬ ಮೂರು ಗೇರ್ ಅನುಪಾತಗಳಲ್ಲಿ ದೊರೆಯುತ್ತದೆ. ಎಡಗೈಯದು ಬೇರೆ, ಬಲಗೈಯದು ಬೇರೆ. ಷಿಮಾನೊ ಎಸ್‌ಎಲ್‌ಎಕ್ಸ್ ಇನ್ನೊಂದು ಬದಿಗಿದೆ, ಅದರಲ್ಲಿಯೇ ಡಿಸಿ ಎಂಬ ದುಬಾರಿ ಬಗೆಯೂ ಇದೆ. ಒಂದರಲ್ಲಿ ಅಯಸ್ಕಾಂತದ ಬ್ರೇಕ್, ಇನ್ನೊಂದರಲ್ಲಿ ಕೇಂದ್ರಾಪಗಾಮಿ ಬ್ರೇಕ್ ಎನ್ನುತ್ತಾರೆ. ನಾನು ಬಲಗೈಯಿಂದ ಎಸೆದು ಎಡಗೈಯಿಂದ ಸುತ್ತುವವನು. ಹೆಚ್ಚಾಗಿ ಬಳಸುವುದು ರಬ್ಬರ್ ಕಪ್ಪೆಯನ್ನು, ಅದೂ ತಾವರೆ ಎಲೆ ಮತ್ತು ಅಂತರಗಂಗೆಯ ನಡುವೆ. ನೂರೈವತ್ತು ಡಾಲರಿನೊಳಗೆ ಮುಗಿಯಬೇಕು. ಅನುಭವಿಗಳು ದಯವಿಟ್ಟು ದಾರಿ ತೋರಿಸಬೇಕು.

ವರದಾ ದಂಡೆ, ಹಾವೇರಿ:

ನಮ್ಮ ನೀರಿನಲ್ಲಿ ಬಾಸ್ ಇಲ್ಲ, ಇರುವುದು ಕೊರವ. ಕುಲ ಬೇರೆಯಾದರೂ ಎರಡೂ ಮೀನುಗಳು ಜೊಂಡಿನ ಮರೆಯಲ್ಲಿ ಅಲುಗಾಡದೆ ಹೊಂಚು ಹಾಕಿ, ಮೇಲೆ ಹಾದುಹೋಗುವ ಕಪ್ಪೆಯ ಮೇಲೆ ಒಮ್ಮೆಲೇ ಎರಗುವಂಥವು. ಆದ್ದರಿಂದ ಬಾಸ್‌ಗೆಂದು ಮಾಡಿದ ರೀಲು ನಿಮಗೆ ಸಲ್ಲುತ್ತದೆ. ಆದರೆ ಅಲ್ಲಿನವರು ದೋಣಿಯಲ್ಲಿ ಐದಾರು ರಾಡುಗಳನ್ನು ಸಜ್ಜುಮಾಡಿಟ್ಟುಕೊಂಡು, ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ ಎಂಬ ಕೃತಕ ಮೀನಿಗೆ 5ರ ಆಸುಪಾಸಿನ ನಿಧಾನದ ರೀಲನ್ನೂ ಕಪ್ಪೆಗೆ 8ರ ವೇಗದ ರೀಲನ್ನೂ ಬಳಸುತ್ತಾರೆ. ನಾವು ಬೈಕಿನ ಬದಿಗೆ ಒಂದೇ ರಾಡ್ ಕಟ್ಟಿಕೊಂಡು ಹೋಗುವವರು. ಒಂದೇ ರೀಲು ಎಲ್ಲವನ್ನೂ ನಿಭಾಯಿಸಬೇಕಾದಾಗ 7.1 ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ಅದು ಹೇಗೆಂದರೆ, ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದಾಗ ಸ್ಪೂಲು, ಅಂದರೆ ದಾರದ ಉರುಳೆ, 7.1 ಸುತ್ತು ತಿರುಗುತ್ತದೆ ಎಂಬುದೇ ಆ ಅಂಕಿಯ ಅರ್ಥ. ದಾರ ತುಂಬಿದ ಸ್ಪೂಲಿನ ವ್ಯಾಸ 34 ಮಿಲಿಮೀಟರ್ ಎಂದುಕೊಂಡರೆ ಒಂದು ಸುತ್ತಿಗೆ ಸುಮಾರು 107 ಮಿಲಿಮೀಟರ್ ದಾರ ಬರುತ್ತದೆ, 7.1ರಿಂದ ಗುಣಿಸಿದರೆ 76 ಸೆಂಟಿಮೀಟರ್. ಇದೇ ಲೆಕ್ಕದಲ್ಲಿ 6.3ಕ್ಕೆ 67, 8.1ಕ್ಕೆ 87 ಸೆಂಟಿಮೀಟರ್ ಆಗುತ್ತದೆ. ದೂರಕ್ಕೆ ಎಸೆದು ಸ್ಪೂಲು ತೆಳ್ಳಗಾಗಿ ವ್ಯಾಸ 28ಕ್ಕೆ ಇಳಿದಿದ್ದರೆ, 7.1ರ ರೀಲೂ 62 ಸೆಂಟಿಮೀಟರನ್ನಷ್ಟೇ ಎಳೆಯುತ್ತದೆ. ಕಪ್ಪೆಯನ್ನು ಎಲೆಯಿಂದ ಎಲೆಗೆ ಕುಣಿಸುವಾಗ ದಾರ ಸದಾ ಸಡಿಲವಾಗಿರುತ್ತದೆ. ಮೀನು ನುಂಗಿದ ಮೇಲೆ ಆ ಸಡಿಲನ್ನು ಬೇಗ ಎಳೆದುಕೊಂಡ ಮೇಲೆಯೇ ರಾಡನ್ನು ಎತ್ತಬೇಕಾಗುತ್ತದೆ. 6.3 ಅಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ. 8.1 ಇನ್ನೂ ಚುರುಕಾದರೂ, ಸೈಕಲ್ಲಿನಲ್ಲಿ ದೊಡ್ಡ ಗೇರ್ ಹಾಕಿ ಏರು ಹತ್ತಿದಂತೆ, ಹೊರೆ ಕಳೆಯ ಸಮೇತ ಬರುವ ಮೀನನ್ನು ಸುತ್ತುವಾಗ ಕೈ ಸೋಲುತ್ತದೆ.

ನೀವು ಕೇಳದಿದ್ದರೂ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಲ್ಯೂರಿನ, ಅಂದರೆ ಕೃತಕ ಎರೆಯ, ತೂಕ. ಈ ಬಗೆಯ ಸಾಮಾನ್ಯ ರೀಲು 7 ಗ್ರಾಂನಿಂದ 28 ಗ್ರಾಂವರೆಗಿನ ಲ್ಯೂರನ್ನು ಚೆನ್ನಾಗಿ ಎಸೆಯುತ್ತದೆ. ಹನ್ನೆರಡು ಗ್ರಾಂ ಮೇಲ್ಪಟ್ಟ ರಬ್ಬರ್ ಕಪ್ಪೆಗೆ ತೊಂದರೆಯಿಲ್ಲ. ನಾನು ಮೊದಲ ವರ್ಷ, ಆಷಾಢದ ಪಡುವಣ ಗಾಳಿಗೆ ಎದುರಾಗಿ ನಿಂತು, 5 ಗ್ರಾಂನ ಚಮಚದಾಕಾರದ ಲೋಹದ ಲ್ಯೂರನ್ನು ಬೇಟ್‌ಕಾಸ್ಟರ್‌ನಲ್ಲಿ, ಅಂದರೆ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ, ಎಸೆದೆ. ಲ್ಯೂರು ಹತ್ತು ಹೆಜ್ಜೆಯಾಚೆ ಬಿತ್ತು. ಸ್ಪೂಲಿನ ಮೇಲೆ ದಾರ ಉಬ್ಬಿ ಹೊರಚೆಲ್ಲಿ ರೀಲಿನ ಬಾಯಿಯೇ ಕಾಣದಂತಾಯಿತು. ಗಲಗನಾಥದ ಸಂಗಮದ ಬಳಿ ಕಲ್ಲಿನ ಮೇಲೆ ಕುಳಿತು ಒಂದೂವರೆ ತಾಸು ಸಿಕ್ಕು ಬಿಡಿಸಿ, ಕೊನೆಗೆ ಕತ್ತರಿಸಿದೆ. ಹಗುರ ಲ್ಯೂರುಗಳಿಗೆ ನಿಮ್ಮ ಹಳೆಯ ಸ್ಪಿನ್ನಿಂಗ್ ರೀಲನ್ನು ಉಳಿಸಿಕೊಳ್ಳಿರಿ.

ಹ್ಯಾಂಡಲ್ ಯಾವ ಬದಿಗೆ ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಬೇಕು, ಏಕೆಂದರೆ ಸ್ಪಿನ್ನಿಂಗ್ ರೀಲಿನಂತೆ ಇದರಲ್ಲಿ ಬಿಚ್ಚಿ ಬದಿ ಬದಲಿಸಲು ಬರುವುದಿಲ್ಲ. ಕಪ್ಪೆ ನೀರಿಗೆ ಬಿದ್ದ ಕ್ಷಣದಲ್ಲಿಯೇ ಕೊರವ ಎರಗುವುದುಂಟು. ಬಲಗೈಯಿಂದ ಎಸೆಯುವವರು ಆಗ ರಾಡನ್ನು ಎಡಗೈಗೆ ದಾಟಿಸುತ್ತ ಕೂರಬಾರದು. ಎಡಗೈ ಹ್ಯಾಂಡಲನ್ನೇ ತರಿಸಿರಿ. ರಾಡ್ ಏಳು ಅಡಿಯ ಮೀಡಿಯಂ ಹೆವಿ (ಸಾಕಷ್ಟು ಗಟ್ಟಿಯಾದದ್ದು), ಹಿಡಿಕೆಯಲ್ಲಿ ಬೆರಳು ಸಿಗಿಸಲು ಕೊಕ್ಕೆ ಇರುವಂಥದ್ದು. ವಿಮಾನದಲ್ಲಿ ತರುವುದಾದ್ದರಿಂದ ಎರಡು ತುಂಡಿನದು ಎಂದು ಒತ್ತಿ ಹೇಳಿರಿ.

ಗಡಿಯಾರದವರು, ಗದಗ:

ಶರಣು. ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ನಾನು. ಈಗ ಗೆಳೆಯರ ರೀಲುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಸಮಯ ಹೋಗುತ್ತದೆ. ಇದು ನಮ್ಮ ಕಸುಬಿಗೆ ಸೇರಿದ ವಸ್ತುವೇ ಎಂದು ನಾನು ತಮಾಷೆಗೆ ಹೇಳುತ್ತಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟುಕಿಯಲ್ಲಿ, ಒಂದು ಸುತ್ತಿಗೆ ಸ್ಪೂಲು ಹಲವು ಸುತ್ತು ತಿರುಗುವ ರೀಲನ್ನು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವರಾಗಿದ್ದರು. ಇಂದಿನ ಬೇಟ್‌ಕಾಸ್ಟರ್ ಆ ವಂಶದ ಕುಡಿ.

ಬ್ರೇಕಿನ ವಿಚಾರಕ್ಕೆ ಬರುತ್ತೇನೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲು ನಿಂತಿರುತ್ತದೆ, ದಾರ ಅಂಚಿನಿಂದ ಜಾರಿ ಹೋಗುತ್ತದೆ. ಇದರಲ್ಲಿ ಲ್ಯೂರು ದಾರವನ್ನು ಎಳೆದು ಸ್ಪೂಲನ್ನೇ ತಿರುಗಿಸುತ್ತದೆ. ಗಾಳಿಯ ತಡೆಯಿಂದ ಲ್ಯೂರಿನ ವೇಗ ತಗ್ಗುತ್ತದೆ, ಸ್ಪೂಲು ಮಾತ್ರ ತನ್ನ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಹೋಗಲು ದಾರಿಯಿಲ್ಲದ ದಾರ ಅಲ್ಲಿಯೇ ಉಬ್ಬಿ ಸಿಕ್ಕಾಗುತ್ತದೆ. ಕೇಂದ್ರಾಪಗಾಮಿ ಬ್ರೇಕಿನಲ್ಲಿ ಪುಟ್ಟ ಗುಂಡಿಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಉಂಗುರಕ್ಕೆ ಉಜ್ಜುತ್ತವೆ. ಆ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎಸೆತದ ಆರಂಭದಲ್ಲಿ ಹಿಡಿತ ಬಲವಾಗಿದ್ದು, ವೇಗ ಇಳಿದಂತೆ ಬಹುಬೇಗ ಬಿಟ್ಟುಕೊಡುತ್ತದೆ. ಪಳಗಿದ ಹೆಬ್ಬೆರಳಿಗೆ ಇದು ದೂರವನ್ನು ಕೊಡುತ್ತದೆ. ಅಯಸ್ಕಾಂತದ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಅಲ್ಯೂಮಿನಿಯಂ ಸ್ಪೂಲು ಅಯಸ್ಕಾಂತದ ಎದುರು ತಿರುಗುವಾಗ ಹುಟ್ಟುವ ಸುಳಿವಿದ್ಯುತ್ತೇ ಅದನ್ನು ತಡೆಯುತ್ತದೆ, ಕೊನೆಯವರೆಗೂ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಹೊಸಬರಿಗೂ ಎದುರುಗಾಳಿಗೂ ಇದೇ ಒಳ್ಳೆಯದು. ಹೊರಗಿನ ಡಯಲನ್ನು ತಿರುಗಿಸಿದರೆ ಸಾಕು, ಬದಿಯ ಮುಚ್ಚಳವನ್ನು ತೆಗೆಯಬೇಕಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ನಾನು ಟಾಟುಲಾ ಕಡೆಗೆ ವಾಲುತ್ತೇನೆ. ಡಿಸಿ ಎಂಬುದು ಬ್ಯಾಟರಿಯಿಲ್ಲದೆ, ಸ್ಪೂಲಿನ ತಿರುಗುವಿಕೆಯಿಂದಲೇ ವಿದ್ಯುತ್ ಪಡೆದು ಬ್ರೇಕನ್ನು ತಾನೇ ಹೊಂದಿಸಿಕೊಳ್ಳುವ ಜಾಣ ಯಂತ್ರ. ನನಗೆ ಅದರ ಮೇಲೆ ಗೌರವವಿದೆ, ಆದರೆ ಒಳಗಿನ ಸರ್ಕ್ಯೂಟ್ ಕೆಟ್ಟರೆ ಗದಗಿನ ಮೇಜಿನ ಮೇಲೆ ನಾನು ಮಾಡಬಹುದಾದದ್ದು ಏನೂ ಇಲ್ಲ.

ಹ್ಯಾಂಡಲಿನ ಬಗ್ಗೆ ಹಾವೇರಿಯವರ ಮಾತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನಾನು ಬಲಗೈಯಿಂದಲೇ ಎಸೆದು ಬಲಗೈಯಿಂದಲೇ ಸುತ್ತುತ್ತೇನೆ. ಲ್ಯೂರು ಇನ್ನೂ ಗಾಳಿಯಲ್ಲಿರುವಾಗಲೇ ರಾಡ್ ಎಡಗೈ ಸೇರಿರುತ್ತದೆ. ಆದರೆ ನಿಮಗೆ ಎಡಗೈಯಿಂದ ಸುತ್ತಿ ರೂಢಿಯಿರುವುದರಿಂದ ಅದನ್ನು ಕೆಡಿಸಬೇಡಿರಿ.

ರೀಲು ಬಂದ ದಿನ ಹೀಗೆ ಮಾಡಿರಿ. ಲ್ಯೂರನ್ನು ಕಟ್ಟಿ ರಾಡನ್ನು ಓರೆಯಾಗಿ ಎತ್ತಿ, ಹೆಬ್ಬೆರಳಿನ ಪಟ್ಟಿಯನ್ನು ಒತ್ತಿ ಸ್ಪೂಲನ್ನು ಬಿಡಿರಿ. ಲ್ಯೂರು ಮೆಲ್ಲಗೆ ಇಳಿದು ನೆಲ ಮುಟ್ಟಿದೊಡನೆ ಸ್ಪೂಲೂ ನಿಲ್ಲುವಂತೆ ಹ್ಯಾಂಡಲ್ ಬದಿಯ ಪುಟ್ಟ ಗುಂಡಿಯನ್ನು ಬಿಗಿ ಮಾಡಿರಿ. ಲ್ಯೂರು ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಹೊಂದಿಸಬೇಕು. ಅಯಸ್ಕಾಂತದ ಡಯಲನ್ನು ಗರಿಷ್ಠದ ಹತ್ತಿರ ಇಟ್ಟು ಆರಂಭಿಸಿ, ಕೈ ಪಳಗಿದಂತೆ ಒಂದೊಂದೇ ಅಂಕಿ ಇಳಿಸುತ್ತ ಬನ್ನಿರಿ. ಸಿಕ್ಕಾದಾಗ ದಾರವನ್ನು ಕೀಳಲು ಹೋಗಬೇಡಿರಿ. ಸಿಕ್ಕಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಸ್ಪೂಲನ್ನು ಸಡಿಲಿಸಿ ದಾರವನ್ನು ಎಳೆದರೆ ಹತ್ತರಲ್ಲಿ ಏಳು ಸಲ ತಾನೇ ಬಿಚ್ಚಿಕೊಳ್ಳುತ್ತದೆ. ಬ್ರೇಡ್, ಅಂದರೆ ಎಳೆ ಹೆಣೆದ ದಾರವನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ನುಣುಪಿನಿಂದಾಗಿ ಇಡೀ ಸುರುಳಿಯೇ ಜಾರುತ್ತದೆ. ಮೊದಲು ಹತ್ತು ಸುತ್ತು ನೈಲಾನ್ ದಾರ ಹಾಕಿ, ಅದಕ್ಕೆ ಬ್ರೇಡನ್ನು ಗಂಟು ಹಾಕಿರಿ.

ಕೊನೆಯದಾಗಿ ಎರೆಮಣ್ಣು. ನನ್ನಲ್ಲಿಗೆ ಬರುವ ರೀಲುಗಳಲ್ಲಿ ಹೆಚ್ಚಿನವು ಮೀನು ಎಳೆದು ಕೆಟ್ಟವಲ್ಲ, ದಂಡೆಯ ಕೆಸರಿನಲ್ಲಿ ಇಟ್ಟು ಕೆಟ್ಟವು. ದಾರವನ್ನು ಅತ್ತಿತ್ತ ಒಯ್ಯುವ ಕಂಡಿಯ ಕೆಳಗೆ ತಿರುಪಿನಂಥ ದಂಡವಿದೆ. ಕಪ್ಪು ಮಣ್ಣು ಅದರ ತೋಡಿನಲ್ಲಿ ಒಣಗಿ ಕುಳಿತರೆ ಸುತ್ತುವಾಗ ಕರಕರ ಎನ್ನುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಂದು ಹನಿ ತೆಳು ಎಣ್ಣೆ ಬಿಡಿರಿ. ಬೇರಿಂಗಿಗೂ ಒಂದೇ ಹನಿ. ಅಲ್ಲಿ ಗ್ರೀಸ್ ಹಾಕಿದವರ ರೀಲು ಎಸೆಯುವುದಿಲ್ಲ, ತೆವಳುತ್ತದೆ.

ಧಾರವಾಡ ದಂಡೆಯಿಂದ:

ನನ್ನದು ಸ್ವಲ್ಪ ಭಿನ್ನರಾಗ. ಸ್ಪಿನ್ನಿಂಗ್ ರೀಲಿನಿಂದಲೇ ಮೂರು ಕಿಲೋ ಕೊರವ ಎಳೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಬೇಟ್‌ಕಾಸ್ಟರ್ ಬಂದ ಮಾತ್ರಕ್ಕೆ ಮೀನು ಹೆಚ್ಚಾಗುವುದಿಲ್ಲ. ಅದರಿಂದ ಆಗುವ ಲಾಭ ಒಂದೇ, ಕಪ್ಪೆಯನ್ನು ಎರಡು ತಾವರೆ ಎಲೆಗಳ ನಡುವಿನ ಅಂಗೈಯಗಲದ ನೀರಿನಲ್ಲಿ ಹೆಬ್ಬೆರಳಿನಿಂದ ತಡೆದು ಇಳಿಸಬಹುದು. ಅಷ್ಟು ನಿಖರತೆ ಬೇಕೆನಿಸಿದರೆ ಕೊಳ್ಳಿರಿ.

ಇನ್ನೆರಡು ಮಾತು. ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳದೆ ದಾರ ಬಿಡಬೇಡಿರಿ. ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಪಕ್ಷಿ ಸಂರಕ್ಷಣಾ ಮೀಸಲಿನಲ್ಲಿ ಆ ವಿಚಾರವೇ ಬೇಡ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ತಾಯಿತಂದೆ ಎರಡೂ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಖಂಡಿತ ಹಿಡಿಯುತ್ತದೆ, ಆದರೆ ಕಾವಲು ತಪ್ಪಿದ ಮರಿಗಳು ಸಂಜೆಯೊಳಗೆ ಬೇರೆ ಮೀನುಗಳ ಪಾಲಾಗುತ್ತವೆ.

ಹುಬ್ಬಳ್ಳಿ ಹವ್ಯಾಸಿ:

ಎಲ್ಲರಿಗೂ ಧನ್ಯವಾದಗಳು. ಅಳಿಯ ಬಂದುಹೋದ, ಟಾಟುಲಾ 7.1, ಎಡಗೈಯದು, ಎರಡು ತುಂಡಿನ ರಾಡಿನೊಂದಿಗೆ ಮನೆ ಸೇರಿದೆ. ಗದಗಿನ ಹಿರಿಯರು ಹೇಳಿದಂತೆ ನೈಲಾನ್ ಹಾಕಿ ಮೇಲೆ 40 ಪೌಂಡಿನ ಬ್ರೇಡ್ ಸುತ್ತಿ, ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಖಾಲಿ ಬಿಟ್ಟಿದ್ದೇನೆ. ಕೆರೆಗೆ ಇನ್ನೂ ಒಯ್ದಿಲ್ಲ. ಒಂದು ವಾರದಿಂದ ಮನೆಯ ಹಿಂದಿನ ಮೈದಾನದಲ್ಲಿ, ಕೊಕ್ಕೆ ಕತ್ತರಿಸಿದ ಕಪ್ಪೆಯನ್ನು ಕಟ್ಟಿಕೊಂಡು, ಹಳೆಯ ಸ್ಕೂಟರ್ ಟೈರೊಂದನ್ನು ಗುರಿಯಾಗಿಟ್ಟು ಎಸೆಯುತ್ತಿದ್ದೇನೆ. “ಕಾಕಾ, ನೀರ ಇಲ್ದ ಯಾವ ಮೀನ ಹಿಡೀತೀರಿ?” ಎಂದು ಓಣಿಯ ಹುಡುಗರು ಕೇಳಿ ನಕ್ಕರು. ಮೊದಲ ದಿನ ಮೂವತ್ತು ಎಸೆತಕ್ಕೆ ಹನ್ನೊಂದು ಸಿಕ್ಕು, ನಿನ್ನೆ ನಾಲ್ಕು. ಆ ನಾಲ್ಕೂ ಆದದ್ದು ಕಪ್ಪೆ ನೆಲ ಮುಟ್ಟುವ ಮೊದಲು ಹೆಬ್ಬೆರಳನ್ನು ಎತ್ತಿದ್ದರಿಂದ. ಡಯಲನ್ನು ಒಂದು ಅಂಕಿ ಇಳಿಸಿದ್ದೇನೆ.